ಗಾಳಿಗೆ ಸೇರಿದ ನಾದ

ಮನೆಗೆ ಬಂದ ಅತಿಥಿಗಳನ್ನು ಮರ್ಯಾದೆಗೆ ಭಂಗವಿಲ್ಲದೆ ಬೇಗನೆ ಬೀಳ್ಕೊಡಬೇಕೆನ್ನುವ ಗೃಹಸ್ಥನಿಗೆ ಉಪಾಯಗಳು ಅನೇಕ. ಆಕಳಿಸಬಹುದು, ಗಡಿಯಾರದ ಕಡೆಗೆ ನೋಡಬಹುದು, ಮರುದಿನ ಮುಂಜಾನೆಯ ಪ್ರಯಾಣದ ಮಾತನ್ನೆತ್ತಬಹುದು. ಲಂಡನ್ ನಗರದ ಉತ್ತರಭಾಗದಲ್ಲಿ ವಾಸವಾಗಿರುವ ಒಬ್ಬ ವೃದ್ಧ ಉಪಾಧ್ಯಾಯನಿಗೆ ಮಾತ್ರ ಇಷ್ಟು ಶ್ರಮ ಬೇಕಾಗುವುದಿಲ್ಲ. ತನಗೆ ಅತ್ಯಂತ ಪ್ರಿಯವಾದ ಗ್ರಾಮಾಫೋನ್ ತಟ್ಟೆಯನ್ನು ಯಂತ್ರದ ಮೇಲಿಟ್ಟು ಮುಳ್ಳನ್ನು ಇಳಿಸಿದರೆ ಸಾಕು, ಐದು ನಿಮಿಷದೊಳಗೆ ಅತಿಥಿಗಳು ತಮ್ಮ ತಮ್ಮ ಕೊಡೆಗಳನ್ನು ಹುಡುಕತೊಡಗುತ್ತಾರೆ. ಅವರನ್ನು ಓಡಿಸಬೇಕೆಂಬ ಬಯಕೆ ಅವನಿಗೆ ಎಳ್ಳಷ್ಟೂ ಇಲ್ಲ. ತನಗೆ ದೊರೆತ ಸುಖದಲ್ಲಿ ಅವರಿಗೂ ಒಂದು ಪಾಲು ಸಲ್ಲಲಿ ಎಂಬುದೇ ಅವನ ಆಸೆ. ಆದರೆ ಹಂಚಿದಷ್ಟೂ ಮಿಗುವ ಸುಖಗಳಲ್ಲಿ ಇದು ಪ್ರಪಂಚಕ್ಕೇ ವಿಲಕ್ಷಣವಾದುದು. ಎಲ್ಲವೂ ಅವನಿಗೇ ಮಿಗುತ್ತದೆ.

ಅವನ ಮಡದಿ ಜಾಣೆ. ಮದುವೆಯಾದ ಹೊಸತರಲ್ಲಿಯೇ ಈ ತಟ್ಟೆಗಳನ್ನು ಕೇಳಿ, ಅತಿ ಸೌಮ್ಯವಾಗಿ, "ಇವರ ಶ್ರುತಿ ಕೂಡಿಸುವುದು ಇನ್ನೂ ಮುಗಿಯಲಿಲ್ಲವೆ?" ಎಂದು ವಿಚಾರಿಸಿದ್ದಳು. ನಲವತ್ತು ವರ್ಷಗಳಿಗೂ ಮೀರಿದ ದಾಂಪತ್ಯದಲ್ಲಿ ಆ ಪ್ರಶ್ನೆ ಅನೇಕ ಸಲ ಮರಳಿ ಬಂದಿದೆ. ಒಮ್ಮೊಮ್ಮೆ ಹಾಸ್ಯವಾಗಿ, ಒಮ್ಮೊಮ್ಮೆ ತಲೆನೋವಿನಿಂದಾಗಿ, ಎಂದೂ ಉತ್ತರವನ್ನು ನಿರೀಕ್ಷಿಸದೆ. ಪ್ರಶ್ನೆಯಾದ ಮೇಲೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಬಾಗಿಲಿನ ಈಚೆಗೆ ಅವಳು, ಆಚೆಗೆ ಅವನು ಮತ್ತು ಅವನ ಸ್ವಚ್ಛಂದ ಸಂಗೀತ.

ಸ್ವಚ್ಛಂದವೆಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕ ದೇಶದಲ್ಲಿ ಆಫ್ರಿಕ ಮೂಲದ ಜನರು ಬೆಳೆಯಿಸಿದ ಜಾಜ್ ಸಂಗೀತದಲ್ಲಿ ಆಶುವಾದನವು ಮೊದಲಿನಿಂದಲೂ ಜೀವಾಳವಾಗಿತ್ತು. ಆದರೆ ಆ ಆಶುವಾದನಕ್ಕೆ ಒಂದು ಚೌಕಟ್ಟು ಇತ್ತು. ಮೊದಲು ಎಲ್ಲರೂ ಸೇರಿ ಒಂದು ಧಾಟಿಯನ್ನು ನುಡಿಸುವರು. ಆ ಧಾಟಿಯ ಅಡಿಯಲ್ಲಿ ಸ್ವರಗುಚ್ಛಗಳ ಒಂದು ನಿಯತವಾದ ಸಾಲು ಇರುವುದು. 12 ಅಥವಾ 32 ಖಂಡಗಳ ಆವರ್ತವೊಂದು ಚಕ್ರದಂತೆ ಸುತ್ತುತ್ತಲೇ ಇರುವುದು. ಒಬ್ಬೊಬ್ಬ ವಾದಕನೂ ತನ್ನ ಸರದಿ ಬಂದಾಗ ಆ ಚಕ್ರದ ಮೇಲೆ ಕುಳಿತು ತನ್ನ ಕಲ್ಪನೆಯನ್ನು ಹರಿಯಬಿಡುವನು. ಎಷ್ಟು ದೂರ ಹೋದರೂ ಮನೆಯ ದಾರಿ ತಪ್ಪುವಂತಿಲ್ಲ. 1950ರ ದಶಕದ ಕೊನೆಯಲ್ಲಿ ಕೆಲವರು ಈ ಚಕ್ರವನ್ನೇ ಕಳಚಿಟ್ಟರೆ ಏನಾದೀತೆಂದು ಯೋಚಿಸತೊಡಗಿದರು.

ಅವರಲ್ಲಿ ಮುಖ್ಯನಾದವನು ಆರ್ನೆಟ್ ಕೋಲ್ಮನ್. 1930ರಲ್ಲಿ ಟೆಕ್ಸಸ್ ಪ್ರಾಂತದ ಫೋರ್ಟ್ ವರ್ತ್ ಎಂಬ ಊರಿನಲ್ಲಿ ಬಡಕುಟುಂಬವೊಂದರಲ್ಲಿ ಹುಟ್ಟಿದವನು. ಲೂಯಿಸಿಯಾನದ ಬ್ಯಾಟನ್ ರೂಜ್ ಊರಿನಲ್ಲಿ, ಅವನ ವಾದನ ರುಚಿಸದ ಜನ ಅವನನ್ನು ಹೊಡೆದು ಅವನ ಸ್ಯಾಕ್ಸೊಫೋನನ್ನು ಹಾಳುಮಾಡಿದರು. ಮುಂದೆ ಲಾಸ್ ಏಂಜಲೀಸ್ ನಗರದಲ್ಲಿ, ಹಿತ್ತಾಳೆಯ ವಾದ್ಯವನ್ನು ಕೊಳ್ಳಲು ಹಣವಿಲ್ಲದೆ, ಬಿಳಿಯ ಪ್ಲಾಸ್ಟಿಕ್ಕಿನ ಅಗ್ಗದ ಸ್ಯಾಕ್ಸೊಫೋನೊಂದನ್ನು ಕೊಂಡನು. 1959ರ ನವೆಂಬರಿನಲ್ಲಿ ಆ ಬಿಳಿಯ ವಾದ್ಯವನ್ನು ಹಿಡಿದು ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಪಾನಗೃಹದಲ್ಲಿ ತನ್ನ ಮೂವರು ಸಂಗಡಿಗರೊಡನೆ ಕಚೇರಿಗೆ ನಿಂತನು. ಎರಡು ವಾರಗಳಿಗೆಂದು ಗೊತ್ತಾದ ಕಚೇರಿ ಎರಡು ತಿಂಗಳಿಗೂ ಮೀರಿ ನಡೆಯಿತು. ಲಿಯೊನಾರ್ಡ್ ಬರ್ನ್‌ಸ್ಟೈನನಂಥ ಶಾಸ್ತ್ರೀಯ ಸಂಗೀತಜ್ಞನು ಕೇಳಿ ಉತ್ಸಾಹಗೊಂಡನು. ಜಾಜ್ ಲೋಕದ ಹಿರಿಯರಲ್ಲಿ ಹಲವರು ಇದು ಮೋಸವೆಂದೂ ಹುಚ್ಚೆಂದೂ ನಿಂದಿಸಿದರು. ಹೊಸತು ಹುಟ್ಟುವಾಗ ಎಲ್ಲ ಕಾಲದಲ್ಲಿಯೂ ಆಗುವ ಗದ್ದಲ ಅಲ್ಲಿಯೂ ಆಯಿತು.

ಮರುವರ್ಷ, 1960ರ ಡಿಸೆಂಬರ್ 21ರಂದು, ಕೋಲ್ಮನ್ ಎಂಟು ಮಂದಿಯನ್ನು ಕೂಡಿಸಿಕೊಂಡು ಮುದ್ರಿಸಿದ ತಟ್ಟೆಯ ಹೆಸರೇ 'ಫ್ರೀ ಜಾಜ್' ಎಂದು. ನಾಲ್ವರ ಎರಡು ಮೇಳಗಳು ಏಕಕಾಲದಲ್ಲಿ ನುಡಿಸುತ್ತವೆ. ಒಂದು ಮೇಳ ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಸುಮಾರು 37 ನಿಮಿಷಗಳ ಕಾಲ ನಡುವೆ ನಿಲುಗಡೆಯಿಲ್ಲ. ನಡುನಡುವೆ ಮೊದಲೇ ಗೊತ್ತುಮಾಡಿಕೊಂಡ ಕೆಲವು ಸಣ್ಣ ಸ್ವರಪಂಕ್ತಿಗಳು ಬಂದು ಹೋಗುವುದನ್ನು ಬಿಟ್ಟರೆ ಉಳಿದುದೆಲ್ಲವೂ ಆ ಕ್ಷಣದ ಸೃಷ್ಟಿ. ಈ ತಟ್ಟೆಯ ಹೆಸರೇ ಮುಂದೆ ಒಂದು ಸಂಪ್ರದಾಯದ ಹೆಸರಾಯಿತು. ಹೊಡೆಸಿಕೊಂಡ ಕೋಲ್ಮನನಿಗೆ 2007ರಲ್ಲಿ ಅಮೆರಿಕದ ಪುಲಿಟ್ಜರ್ ಬಹುಮಾನ ಬಂದಿತು. 2015ರಲ್ಲಿ ಅವನು ತೀರಿಕೊಂಡನು.

ಲಂಡನ್ನಿನ ಉಪಾಧ್ಯಾಯನು ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಈ ತಟ್ಟೆಯನ್ನು ಸ್ನೇಹಿತನಿಂದ ಎರವಲಾಗಿ ತಂದು ಕೇಳಿದ್ದನು. ಕೇಳಿ, ಕೋಪಗೊಂಡನು. ಎಂಟು ಮಂದಿ ಒಮ್ಮೆಗೇ ಮಾತನಾಡುತ್ತಿರುವಂತೆ ತೋರಿತೇ ಹೊರತು ಯಾರ ಮಾತೂ ತಿಳಿಯಲಿಲ್ಲ. ಹಿಂದಿರುಗಿಸಲು ಹೊರಟವನು, ಮಳೆ ಬಂದುದರಿಂದ ಮನೆಯಲ್ಲಿಯೇ ನಿಂತು, ಬೇರೆ ಕೆಲಸವಿಲ್ಲದೆ ಇನ್ನೊಮ್ಮೆ ಹಾಕಿದನು. ಈ ಸಲ ಎಲ್ಲವನ್ನೂ ಹಿಡಿಯುವ ಆಸೆಯನ್ನು ಬಿಟ್ಟು ಎಡಗಡೆಯ ಬಾಸ್ ವಾದ್ಯವೊಂದನ್ನೇ ಬೆನ್ನಟ್ಟಿ ಹೋದನು. ಸಂತೆಯ ಗದ್ದಲದಲ್ಲಿ ಪರಿಚಿತನೊಬ್ಬನ ದನಿಯನ್ನು ಹಿಡಿದು ಹೋದರೆ ಸಂತೆಯೇ ಕ್ರಮವಾಗಿ ಬಿಡಿಸಿಕೊಳ್ಳುವಂತೆ, ಆ ಒಂದು ದನಿಯ ಸುತ್ತ ಉಳಿದವು ತಮ್ಮ ತಮ್ಮ ಸ್ಥಾನದಲ್ಲಿ ನಿಂತವು. ಒಬ್ಬನು ಎಸೆದ ನಾಲ್ಕು ಸ್ವರಗಳನ್ನು ಇನ್ನೊಬ್ಬನು ಹಿಡಿಯುವನು, ತಿರುಗಿಸುವನು, ಮೂರನೆಯವನಿಗೆ ಕೊಡುವನು, ಬೇಡವೆನಿಸಿದರೆ ಬಿಡುವನು. ಇಲ್ಲಿ ನಿಯಮವಿಲ್ಲವೆಂದು ತಿಳಿದಿದ್ದವನಿಗೆ, ಇವರೆಲ್ಲರೂ ಒಂದೇ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿರುವರೆಂದು ಹೊಳೆಯಿತು. ಆ ನಿಯಮ ಮತ್ತಾವುದೂ ಅಲ್ಲ, ಪಕ್ಕದವನನ್ನು ಕೇಳುವುದು.

ಕನ್ನಡನಾಡಿನ ವಾಚಕರಿಗೆ ಇಲ್ಲಿ ಮನೋಧರ್ಮ ಸಂಗೀತದ ನೆನಪಾಗುವುದು ಸಹಜ. ಆಲಾಪನೆ, ನೆರವಲ್, ಕಲ್ಪನಾಸ್ವರ, ತನಿ ಆವರ್ತನ, ಇವೆಲ್ಲವೂ ಆ ಕ್ಷಣದಲ್ಲಿ ಹುಟ್ಟುವಂಥವೇ. ಡೆರೆಕ್ ಬೇಯ್ಲಿ ಎಂಬ ಗಿಟಾರ್ ವಾದಕನು ಆಶುವಾದನದ ಮೇಲೆ ಬರೆದು 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತೀಯ ಸಂಗೀತಕ್ಕೆ ಆದಿಯಲ್ಲಿಯೇ ಸ್ಥಾನವನ್ನು ಕೊಟ್ಟಿರುವನು. ಆದರೆ ಸಾಮ್ಯವನ್ನು ಅತಿಯಾಗಿ ಎಳೆಯಬಾರದು. ಆಲಾಪನೆಗೆ ತಾಳದ ಕಟ್ಟಿಲ್ಲದಿದ್ದರೂ ರಾಗದ ಕಟ್ಟು ಇದ್ದೇ ಇದೆ. ಗಾಯಕನು ಹೊರಡುವ ಮೊದಲೇ ಕಲ್ಯಾಣಿಯೆಂದರೆ ಏನೆಂದು ಅವನಿಗೂ ಗೊತ್ತು, ಸಭೆಗೂ ಗೊತ್ತು. ಸ್ವಚ್ಛಂದ ವಾದನದಲ್ಲಿ ರಾಗವೂ ತಾಳವೂ ಮೊದಲೇ ಇಲ್ಲ. ನಡೆಯುತ್ತ ನಡೆಯುತ್ತ ದಾರಿಯಾಗಬೇಕು. ಈ ಕಾರಣದಿಂದಲೇ ಅದರ ಸೋಲೂ ದೊಡ್ಡದು. ರಾಗವನ್ನು ಬಲ್ಲ ಗಾಯಕನು ಮಂಕಾದ ದಿನವೂ ರಾಗವು ಅವನನ್ನು ಕೈಹಿಡಿದು ದಾಟಿಸಬಹುದು. ಇಲ್ಲಿ ಕೈಹಿಡಿಯುವವರು ಯಾರೂ ಇಲ್ಲ.

ಬೇಯ್ಲಿಯ ಕಥೆಯು ಉಪಾಧ್ಯಾಯನ ಕಥೆಯೊಡನೆ ಹೆಣೆದುಕೊಂಡಿರುವುದರಿಂದ ಅವನ ಮಾತನ್ನು ಇನ್ನೂ ಸ್ವಲ್ಪ ಹೇಳಬೇಕು. ಅವನು 1930ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಉಕ್ಕಿನ ಊರಿನಲ್ಲಿ ಹುಟ್ಟಿದನು. ಹೊಟ್ಟೆಪಾಡಿಗಾಗಿ ನೃತ್ಯಶಾಲೆಗಳಲ್ಲಿಯೂ ನಾಟಕಶಾಲೆಗಳಲ್ಲಿಯೂ ಬರೆದುಕೊಟ್ಟುದನ್ನು ಬರೆದಂತೆ ನುಡಿಸುತ್ತಿದ್ದನು. 1960ರ ದಶಕದ ನಡುಭಾಗದಲ್ಲಿ ಅದೇ ಊರಿನಲ್ಲಿ ಟೋನಿ ಆಕ್ಸ್‌ಲಿ ಮತ್ತು ಗ್ಯಾವಿನ್ ಬ್ರಯರ್ಸ್ ಎಂಬಿಬ್ಬರೊಡನೆ ಸೇರಿ, ವಾಡಿಕೆಯ ಜಾಜ್ ಸಂಗೀತದಿಂದ ಹೊರಟು, ಒಂದೊಂದಾಗಿ ತಾಳವನ್ನೂ ಧಾಟಿಯನ್ನೂ ಕೈಬಿಡುತ್ತ ಬಂದನು. ಆ ಹೊತ್ತಿಗೆ ಲಂಡನ್ನಿನಲ್ಲಿಯೂ ಇದೇ ಹುಡುಕಾಟವಿತ್ತು. 1965ರಲ್ಲಿ ಅಲ್ಲಿ ಹುಟ್ಟಿದ ಎ.ಎಂ.ಎಂ. ಎಂಬ ಮೇಳದಲ್ಲಿ ಕೀತ್ ರೋ ಎಂಬುವನು ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಅದರ ಜೊತೆಗೆ ರೇಡಿಯೋವನ್ನೂ ವಾದ್ಯವಾಗಿ ಮಾಡಿಕೊಂಡನು. 1970ರಲ್ಲಿ ಬೇಯ್ಲಿ, ಆಕ್ಸ್‌ಲಿ, ಮತ್ತು ಸ್ಯಾಕ್ಸೊಫೋನ್ ವಾದಕನಾದ ಎವನ್ ಪಾರ್ಕರ್ ಸೇರಿ ಇಂಕಸ್ ಎಂಬ ತಟ್ಟೆಗಳ ಸಂಸ್ಥೆಯನ್ನು ತಾವೇ ಸ್ಥಾಪಿಸಿದರು. ವ್ಯಾಪಾರಸ್ಥರು ಮುಟ್ಟದ ಸಂಗೀತಕ್ಕೆ ಸಂಗೀತಗಾರರೇ ವ್ಯಾಪಾರಿಗಳಾಗಬೇಕಾಯಿತು.

1977ರ ಮೇ ತಿಂಗಳಲ್ಲಿ ಬೇಯ್ಲಿಯು ಲಂಡನ್ನಿನಲ್ಲಿ 'ಕಂಪೆನಿ' ಎಂಬ ಹೆಸರಿನಲ್ಲಿ ಒಂದು ವಾರದ ಕಚೇರಿಗಳನ್ನು ಏರ್ಪಡಿಸಿದನು. ಕಂಪೆನಿಯೆಂದರೆ ನಾಟಕದ ಕಂಪೆನಿಯಂತೆ ಬಣ್ಣವೂ ಪರದೆಯೂ ಪಾಠವಾದ ಮಾತೂ ಇರುವ ಸಂಸಾರವಲ್ಲ; ಅದಕ್ಕೆ ತೀರ ಎದುರಾದದ್ದು. ಅಮೆರಿಕದಿಂದ ಆಂಥನಿ ಬ್ರ್ಯಾಕ್ಸ್‌ಟನ್ ಮತ್ತು ಲಿಯೊ ಸ್ಮಿತ್, ಹಾಲೆಂಡಿನಿಂದ ಡ್ರಮ್ ವಾದಕ ಹಾನ್ ಬೆನಿಂಕ್, ಇನ್ನೂ ಕೆಲವರು ಬಂದರು. ಇಂದು ಇಬ್ಬರು, ನಾಳೆ ಐವರು, ಯಾರೊಡನೆ ಯಾರು ನುಡಿಸುವರೆಂಬುದು ಬದಲಾಗುತ್ತಲೇ ಇರುವುದು. ಒಟ್ಟಿಗೆ ಅಭ್ಯಾಸಮಾಡಿ ಪಳಗಿದ ಮೇಳದ ಭದ್ರತೆ ಯಾರಿಗೂ ಇರಕೂಡದೆಂಬುದೇ ಬೇಯ್ಲಿಯ ಉದ್ದೇಶ. ಕಂಪೆನಿಯ ಈ ವಾರಗಳು 1994ರವರೆಗೆ ನಡೆದವು.

ಮೊದಲ ವಾರದ ಒಂದು ಸಂಜೆ ಯುವಕನಾದ ಉಪಾಧ್ಯಾಯನು ಹೋಗಿ ಕುಳಿತನು. ತಟ್ಟೆಯಲ್ಲಿ ಕೇಳಿ ಪಳಗಿದ್ದ ಅವನಿಗೆ ಪ್ರತ್ಯಕ್ಷದಲ್ಲಿ ಕಂಡದ್ದು ಬೇರೆಯೇ ಒಂದು ಕಲೆ. ಎಲ್ಲಕ್ಕಿಂತ ಮೊದಲು ಅವನು ಕಂಡದ್ದು ಮೌನ. ಹಾಡಲಿರುವವನು ತಂಬೂರಿಯ ಶ್ರುತಿಯಲ್ಲಿ ಮುಳುಗಿರುವಾಗಿನ ಮೌನ ಅದಲ್ಲ; ಅಲ್ಲಿ ಬರಲಿರುವುದರ ಸೂಚನೆಯಿರುತ್ತದೆ. ಇಲ್ಲಿ ವೇದಿಕೆಯ ಮೇಲಿನವರಿಗೂ ಬರಲಿರುವುದು ಗೊತ್ತಿಲ್ಲ. ಒಬ್ಬನು ಉಸಿರನ್ನೆಳೆದುಕೊಂಡು ವಾದ್ಯವನ್ನು ತುಟಿಗೆ ಮುಟ್ಟಿಸಿ, ಮತ್ತೆ ತೆಗೆದನು. ಪಕ್ಕದವನು ಅದನ್ನು ಕಂಡು ನಕ್ಕನು. ಆ ನಗೆಯ ಮುಂದುವರಿಕೆಯೋ ಎಂಬಂತೆ ಗಿಟಾರಿನ ಒಂದು ತಂತಿ ಸಣ್ಣಗೆ ಮಿಡಿಯಿತು. ಅಷ್ಟರಿಂದ ಕಚೇರಿ ಹುಟ್ಟಿತು. ತಟ್ಟೆಯಲ್ಲಿ ಗದ್ದಲವೆನಿಸುವುದು ಇಲ್ಲಿ ದೇಹಗಳ ಕೆಲಸವಾಗಿ ಕಂಡಿತು. ಯಾರು ಯಾರಿಗೆ ಕಿವಿಗೊಟ್ಟಿರುವರು, ಯಾರು ಸುಮ್ಮನಾಗಿ ದಾರಿ ಬಿಟ್ಟರು, ಯಾರ ಹಣೆಯ ಮೇಲೆ ಸಂದೇಹದ ಗೆರೆ ಮೂಡಿತು, ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಸಂಗೀತವನ್ನು ಕಣ್ಣಿನಿಂದಲೂ ಕೇಳಬಹುದೆಂಬುದನ್ನು ಅವನು ಅಂದು ಕಲಿತನು.

ಎಲ್ಲ ಸಂಜೆಗಳೂ ಹಾಗಿರಲಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಮುಂದಿನ ದಶಕಗಳಲ್ಲಿ ಅವನು ಪಾನಗೃಹಗಳ ಮಹಡಿಯ ಮೇಲೆ, ಚರ್ಚಿನ ಹಿಂದಿನ ಕೋಣೆಗಳಲ್ಲಿ, ಹನ್ನೆರಡು ಕುರ್ಚಿ ಹಾಕಿ ಒಂಬತ್ತು ಖಾಲಿಯಿದ್ದ ಎಡೆಗಳಲ್ಲಿ ಕುಳಿತು ಕೇಳಿದ್ದಾನೆ. ಒಬ್ಬರನ್ನೊಬ್ಬರು ಕೇಳದೆ ತಮ್ಮ ತಮ್ಮ ಚಮತ್ಕಾರವನ್ನೇ ಮೆರೆದವರನ್ನು ಕಂಡಿದ್ದಾನೆ. ಏನೂ ತೋಚದಾಗ ಅಬ್ಬರಿಸುವವರನ್ನೂ, ಏನೂ ತೋಚದಾಗ ಮೌನವೇ ಗಂಭೀರವೆಂದು ನಟಿಸುವವರನ್ನೂ ಕಂಡಿದ್ದಾನೆ. ಈ ಸಂಗೀತದಲ್ಲಿ ಮೋಸವೇ ಇಲ್ಲವೆಂದು ವಾದಿಸುವ ಭಕ್ತರ ಗುಂಪಿಗೆ ಅವನು ಸೇರಿದವನಲ್ಲ. ಮೋಸವುಂಟು, ಆದರೆ ಅದನ್ನು ಹಿಡಿಯುವುದು ಹೊರಗಿನವರು ತಿಳಿದಷ್ಟು ಕಷ್ಟವಲ್ಲ. ಮಾತುಕತೆಯಲ್ಲಿ ಎದುರಿಗಿರುವವನು ನಮ್ಮ ಮಾತನ್ನು ಕೇಳುತ್ತಿರುವನೋ, ತನ್ನ ಸರದಿಗಾಗಿ ಕಾಯುತ್ತಿರುವನೋ ಎಂಬುದು ಮಗುವಿಗೂ ತಿಳಿಯುತ್ತದೆ. ಇಲ್ಲಿಯೂ ಅಷ್ಟೇ.

ಅಬ್ಬರವನ್ನೆಲ್ಲ ಟೊಳ್ಳೆಂದು ತಳ್ಳಿಬಿಡುವುದೂ ಸಲ್ಲದು. ಅಬ್ಬರಕ್ಕೆ ಕಾರಣಗಳಿದ್ದವು. ತಮ್ಮ ದೇಶದಲ್ಲಿ ಸಮಾನ ಹಕ್ಕುಗಳಿಗಾಗಿ ಹೋರಾಟ ನಡೆಯುತ್ತಿದ್ದ ಕಾಲದಲ್ಲಿ ಈ ವಾದಕರು ಊದಿದರು. 1965ರಲ್ಲಿ ಚಿಕಾಗೋ ನಗರದ ಕರಿಯ ಸಂಗೀತಗಾರರು ತಮ್ಮದೇ ಸಂಘವೊಂದನ್ನು ಕಟ್ಟಿ, ತಮ್ಮ ಸ್ವಂತ ರಚನೆಗಳನ್ನೇ ತಮ್ಮ ಏರ್ಪಾಡಿನಲ್ಲಿಯೇ ನುಡಿಸುವುದೆಂದು ನಿಶ್ಚಯಿಸಿದರು. ಅದೇ ವರ್ಷದ ಜೂನ್ 28ರಂದು ಜಾನ್ ಕೋಲ್ಟ್ರೇನ್ ಹನ್ನೊಂದು ಮಂದಿಯ ಮೇಳದೊಡನೆ 'ಅಸೆನ್ಷನ್' ಎಂಬ ತಟ್ಟೆಯನ್ನು ಮುದ್ರಿಸಿದನು. ನಲವತ್ತು ನಿಮಿಷಗಳ ಆ ಕೂಗು ಅವನ ಹಳೆಯ ಅಭಿಮಾನಿಗಳಲ್ಲಿ ಅನೇಕರನ್ನು ದೂರಮಾಡಿತು. ಎರಡು ವರ್ಷಗಳ ಮೇಲೆ, 1967ರ ಜುಲೈ ತಿಂಗಳಲ್ಲಿ, ಅವನು ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಕೋಲ್ಮನ್ ಮತ್ತು ಆಲ್ಬರ್ಟ್ ಐಲರ್ ತಮ್ಮ ತಮ್ಮ ಮೇಳಗಳೊಡನೆ ನುಡಿಸಿದರು. ಐಲರನು 1964ರ ಜುಲೈಯಲ್ಲಿ ಇನ್ನಿಬ್ಬರೊಡನೆ 'ಸ್ಪಿರಿಚುಯಲ್ ಯೂನಿಟಿ' ಎಂಬ ಅರ್ಧ ಗಂಟೆಯ ತಟ್ಟೆಯನ್ನು ಮುದ್ರಿಸಿದ್ದನು. ಮಕ್ಕಳ ಹಾಡಿನಷ್ಟು ಸರಳವಾದ ಧಾಟಿಯನ್ನೆತ್ತಿ, ಅದು ಅಳುವಾಗಿ ನಗುವಾಗಿ ಹರಿದುಹೋಗುವವರೆಗೆ ಊದುತ್ತಿದ್ದ ಆ ಮನುಷ್ಯನ ದೇಹವು 1970ರ ನವೆಂಬರಿನಲ್ಲಿ ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ದೊರೆಯಿತು. ಅವನಿಗೆ ಆಗ 34 ವರ್ಷ. ಸಭ್ಯರ ಮನೆಯ ಬಾಗಿಲುಗಳು ಯಾವ ನಾದಕ್ಕೆ ಮುಚ್ಚಿಕೊಳ್ಳುತ್ತವೆಯೋ ಆ ನಾದಕ್ಕಾಗಿ ಕೆಲವರು ಎಷ್ಟು ಬೆಲೆಯನ್ನು ತೆತ್ತರೆಂಬುದನ್ನು ನೆನೆದರೆ ತಲೆನೋವಿನ ಮಾತು ಸ್ವಲ್ಪ ಹಿಂಜರಿಯುತ್ತದೆ.

ಇನ್ನು ತಟ್ಟೆಯ ವಿಚಾರ. ಎರಿಕ್ ಡಾಲ್ಫಿ ಎಂಬ ವಾದಕನು 1964ರ ಜೂನ್ 2ರಂದು ಹಾಲೆಂಡಿನ ಹಿಲ್ವರ್ಸಂ ಊರಿನಲ್ಲಿ ನುಡಿಸಿದ್ದು 'ಲಾಸ್ಟ್ ಡೇಟ್' ಎಂಬ ತಟ್ಟೆಯಾಗಿದೆ. ಅದೇ ತಿಂಗಳ 29ರಂದು ಬರ್ಲಿನ್ನಿನಲ್ಲಿ, 36ನೆಯ ವಯಸ್ಸಿನಲ್ಲಿ, ಅವನು ಮಡಿದನು. ಆ ತಟ್ಟೆಯ ಕೊನೆಯಲ್ಲಿ ಡಾಲ್ಫಿಯ ಮಾತಿನ ದನಿಯಿದೆ. ಸಂಗೀತವು ಮುಗಿದೊಡನೆ ಗಾಳಿಗೆ ಸೇರಿಹೋಗುತ್ತದೆ, ಅದನ್ನು ಮರಳಿ ಹಿಡಿಯಲಾಗದು ಎಂಬುದು ಅದರ ಭಾವ. ವಿಚಿತ್ರವನ್ನು ನೋಡಿ: ಹಿಡಿಯಲಾಗದೆಂಬ ಮಾತೇ ಹಿಡಿದಿಡಲ್ಪಟ್ಟು, ಸತ್ತವನ ಬಾಯಿಂದ ಮುಳ್ಳು ಇಳಿದಾಗಲೆಲ್ಲ ಹೊರಡುತ್ತಿದೆ. ಮಾತು ಸುಳ್ಳಾಯಿತೆ, ನಿಜವಾಯಿತೆ?

ಉಪಾಧ್ಯಾಯನಿಗೆ ಈ ಪ್ರಶ್ನೆ ಒಮ್ಮೆ ತೀರ ಹತ್ತಿರಕ್ಕೆ ಬಂದಿತು. 1977ರ ಆ ವಾರದ ವಾದನಗಳಲ್ಲಿ ಕೆಲವನ್ನು ಇಂಕಸ್ ಸಂಸ್ಥೆಯವರು ತಟ್ಟೆಗಳಾಗಿ ಹೊರಡಿಸಿದರು. ಅವನು ಆಸೆಯಿಂದ ಕೊಂಡು ತಂದು, ತಾನು ಕಂಡ ಸಂಜೆಯನ್ನು ಅದರಲ್ಲಿ ಹುಡುಕಿದನು. ದನಿಗಳೆಲ್ಲ ಇದ್ದವು, ಸಂಜೆ ಇರಲಿಲ್ಲ. ಇದು ತಾನು ಕೇಳಿದ ವಾದನವೋ, ಬೇರೊಂದು ದಿನದ್ದೋ ಎಂಬುದನ್ನೇ ಅವನು ನಿಶ್ಚಯಿಸಲಾರದೆ ಹೋದನು. ನೆನಪಿನಲ್ಲಿ ಅರ್ಧ ಗಂಟೆಯಷ್ಟು ದೀರ್ಘವಾಗಿದ್ದುದು ತಟ್ಟೆಯಲ್ಲಿ ಹತ್ತು ನಿಮಿಷವೂ ಇಲ್ಲ. ಕೆಲವು ದಿನ ನಿರಾಶನಾಗಿದ್ದು, ಮತ್ತೆ ಮತ್ತೆ ಕೇಳಿದಮೇಲೆ ತಟ್ಟೆಯ ಗುಣವೂ ಅವನಿಗೆ ತಿಳಿಯಿತು. ಪ್ರತ್ಯಕ್ಷದಲ್ಲಿ ತಪ್ಪಿಸಿಕೊಂಡು ಹೋದ ಸೂಕ್ಷ್ಮಗಳು ಇಲ್ಲಿ ಕಾದು ಕುಳಿತಿರುತ್ತವೆ. ಹತ್ತನೆಯ ಸಲ ಕೇಳುವಾಗ, ಅಂದು ಆಕಸ್ಮಿಕವಾಗಿ ಬಿದ್ದ ಸ್ವರವು ಇಲ್ಲದೆ ಆಗುತ್ತಲೇ ಇರಲಿಲ್ಲವೆಂಬಂತೆ ಕೇಳಿಸುತ್ತದೆ. ನುಡಿಸಿದವನಿಗೂ ಬಾಯಿಪಾಠವಾಗದ್ದು ಕೇಳುವವನಿಗೆ ಬಾಯಿಪಾಠವಾಗುತ್ತದೆ. ಇದು ಲಾಭವೆ, ನಷ್ಟವೆ? ಎರಡೂ ಅಹುದು. ಒಣಗಿಸಿಟ್ಟ ಹೂವಿನಲ್ಲಿ ಗಂಧವಿಲ್ಲ. ಆದರೆ ಎಸಳುಗಳನ್ನು ಎಣಿಸಬೇಕಾದರೆ ಅದೇ ಬೇಕು.

ದೂರದವರಿಗೆ ತಟ್ಟೆಯೇ ದಾರಿಯೆಂಬುದನ್ನೂ ಮರೆಯುವಂತಿಲ್ಲ. ಸ್ಯಾಕ್ಸೊಫೋನೆಂದರೆ ಕನ್ನಡ ಮನೆಗಳಲ್ಲಿ ನೆನಪಾಗುವುದು ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದರ ದನಿಯನ್ನು ಕೇಳಿ ಮನಸೋತು, ಅದರ ಮೇಲೆ ಕರ್ನಾಟಕ ಸಂಗೀತದ ಗಮಕಗಳನ್ನು ಪಳಗಿಸಿದ ಆ ಮಹನೀಯರು 2019ರಲ್ಲಿ ಗತಿಸಿದರು. ಅದೇ ವಾದ್ಯವನ್ನು ಹಿಡಿದು ಬೋಸ್ಟನ್ನಿನ ಚಾರ್ಲಿ ಮರಿಯಾನೊ ಬೆಂಗಳೂರಿನ ಟಿ. ಎ. ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ನುಡಿಸಿದ 'ಜ್ಯೋತಿ' ಎಂಬ ತಟ್ಟೆ 1983ರಲ್ಲಿ ಜರ್ಮನಿಯಿಂದ ಹೊರಟಿತು. ಆರ್. ಎ. ರಮಾಮಣಿಯವರ ಕಂಠವೂ ಆ ಅಮೆರಿಕದವನ ಉಸಿರೂ ಅದರಲ್ಲಿ ಒಂದನ್ನೊಂದು ಕೇಳುವ ಬಗೆಯನ್ನು ಉಪಾಧ್ಯಾಯನು ತುಂಬ ಮೆಚ್ಚುತ್ತಾನೆ. ಅದು ಸ್ವಚ್ಛಂದ ವಾದನವಲ್ಲ; ತಾಳವೂ ರಾಗವೂ ಅಲ್ಲಿ ಗಟ್ಟಿಯಾಗಿ ನಿಂತಿವೆ. ಆದರೂ ಕೇಳುವಿಕೆಯ ಶೀಲ ಒಂದೇ ಎಂದು ಅವನ ಅಭಿಪ್ರಾಯ. ಅವನ ಮಡದಿಯೂ ಆ ಒಂದು ತಟ್ಟೆಗೆ ಬಾಗಿಲನ್ನು ಮುಚ್ಚುವುದಿಲ್ಲ.

ಈಚಿನ ವರ್ಷಗಳಲ್ಲಿ ಉಪಾಧ್ಯಾಯನ ಕಿವಿ ಮಂದವಾಗುತ್ತ ಬಂದಿದೆ. ಮುಪ್ಪಿನಲ್ಲಿ ಎತ್ತರದ ದನಿಗಳು ಮೊದಲು ಹೋಗುತ್ತವೆಯೆಂದು ವೈದ್ಯರು ಹೇಳುತ್ತಾರೆ. ಅವನಿಗೆ ಮೊದಲು ಹೋದದ್ದು ಕಂಚಿನ ಬಿಲ್ಲೆಗಳ ಮೇಲೆ ಕಡ್ಡಿಯಾಡಿಸಿದಾಗ ಏಳುವ ಹೊಳಪು. ಕೊಳಕಾದ ಮುಳ್ಳಿನ ದೋಷವೆಂದು ಮುಳ್ಳನ್ನು ಬದಲಾಯಿಸಿದನು. ಯಂತ್ರದ ದೋಷವೆಂದು ಯಂತ್ರವನ್ನು ರಿಪೇರಿಗೆ ಕೊಟ್ಟನು. ಕೊನೆಗೆ ದೋಷವು ಎಲ್ಲಿಯದೆಂದು ತಿಳಿದಾಗ ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ನಲವತ್ತು ವರ್ಷಗಳಿಂದ ಬದಲಾಗದೆ ಉಳಿದಿವೆಯೆಂದು ನಂಬಿದ್ದ ತಟ್ಟೆಗಳು ದಿನದಿನಕ್ಕೂ ಬದಲಾಗುತ್ತಿದ್ದವು. ಕಿವಿಗೆ ಹಾಕಿಕೊಂಡ ಯಂತ್ರವು ಮಾತನ್ನು ತಿಳಿಯಾಗಿಸಿತು, ಆದರೆ ಬಿಲ್ಲೆಗಳ ನಾದವನ್ನು ತಗಡಿನ ಸದ್ದಾಗಿ ಮಾಡಿತು. ಅವನು ಕಚೇರಿಗಳಿಗೆ ಹೋಗುವುದನ್ನು ಬಿಟ್ಟನು. ತಟ್ಟೆಗಳ ಕಪಾಟಿನ ಮೇಲೆ ಧೂಳು ಕೂತಿತು. ಮನೆಯಲ್ಲಿ ಬಾಗಿಲು ಮುಚ್ಚುವ ಅವಶ್ಯಕತೆ ತಪ್ಪಿತು. ಆ ಬಿಡುವಿನಿಂದ ಮಡದಿಗೆ ಸಂತೋಷವಾಗಬೇಕಾಗಿತ್ತು, ಆಗಲಿಲ್ಲ.

ಒಂದು ವರ್ಷ ಹೀಗೆ ಕಳೆದಮೇಲೆ, ಕಪಾಟನ್ನು ಒರೆಸುತ್ತಿದ್ದಾಗ ಅವನ ಕೈಗೆ ಬೇಯ್ಲಿಯ ಕೊನೆಗಾಲದ ಮುದ್ರಿಕೆಯೊಂದು ಬಂದಿತು. 2005ರಲ್ಲಿ ಹೊರಟ ಅದರ ಹೆಸರು 'ಕಾರ್ಪಲ್ ಟನಲ್'. ಮಣಿಕಟ್ಟಿನ ನರವು ಒತ್ತಿಹಿಡಿಯಲ್ಪಟ್ಟು ಕೈ ಸೋಲುವ ವ್ಯಾಧಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಮುದುಕನಾದ ಬೇಯ್ಲಿಗೆ ಬಲಗೈಯಲ್ಲಿ ಮೀಟುಗಡ್ಡಿಯನ್ನು ಹಿಡಿಯಲಾಗದಂತಾಯಿತು. ಶಸ್ತ್ರಚಿಕಿತ್ಸೆಯ ಮಾತು ಬಂದಿತು, ಅವನು ಒಪ್ಪಲಿಲ್ಲ. ಇರುವ ಕೈಯಿಂದಲೇ ದಾರಿಯನ್ನು ಹುಡುಕುವೆನೆಂದು ಹೆಬ್ಬೆರಳಿನಿಂದ ತಂತಿಯನ್ನು ಮೀಟಲು ಹೊಸದಾಗಿ ಕಲಿಯತೊಡಗಿದನು. ಮೂರು ವಾರಗಳಾದ ಮೇಲೆ ಒಮ್ಮೆ, ಐದು ವಾರಗಳಾದ ಮೇಲೆ ಒಮ್ಮೆ, ಹೀಗೆ ಹನ್ನೆರಡು ವಾರಗಳವರೆಗೆ ತನ್ನ ಕಲಿಕೆಯನ್ನು ಮುದ್ರಿಸಿ ಹೊರಡಿಸಿದನು. ನಿಜವಾಗಿ ಅದು ಮಣಿಕಟ್ಟಿನ ರೋಗವಾಗಿರಲಿಲ್ಲ, ನರಗಳನ್ನೇ ತಿನ್ನುವ ದೊಡ್ಡ ವ್ಯಾಧಿಯಾಗಿತ್ತೆಂದು ಆಮೇಲೆ ತಿಳಿಯಿತು. 2005ರ ಡಿಸೆಂಬರ್ 25ರಂದು ಅವನು ತೀರಿಕೊಂಡನು.

ಉಪಾಧ್ಯಾಯನು ಆ ಮುದ್ರಿಕೆಯನ್ನು ಹಿಂದೆ ಗೌರವದಿಂದ ಕೇಳಿದ್ದನೇ ಹೊರತು ಪ್ರೀತಿಯಿಂದ ಕೇಳಿರಲಿಲ್ಲ. ಆ ದಿನ ಕಿವಿಯ ಯಂತ್ರವನ್ನು ತೆಗೆದಿಟ್ಟು ಕೇಳಿದನು. ಹಳೆಯ ಬೇಯ್ಲಿಯ ಚುರುಕಾದ, ಗಾಜಿನ ಚೂರುಗಳಂಥ ಸ್ವರಗಳು ಅದರಲ್ಲಿರಲಿಲ್ಲ. ಮೆತ್ತನೆಯ, ತಡವರಿಸುವ, ಒಂದಕ್ಕೊಂದು ದೂರದೂರವಾದ ಸ್ವರಗಳು. ಹೆಬ್ಬೆರಳಿನ ಮಾಂಸವು ತಂತಿಯನ್ನು ಮುಟ್ಟುವ ಸದ್ದು. ಮಂದವಾದ ಅವನ ಕಿವಿಗೆ ಅದು ಪೂರ್ತಿಯಾಗಿ ಕೇಳಿಸಿತು. ಇಲ್ಲದ ಕೈಗಾಗಿ ಮರುಗದೆ ಇರುವ ಕೈಯ ಮಾತನ್ನು ಕೇಳಿದವನ ನಾದ ಅದು. ಆಶುವಾದನವೆಂದರೆ ನಿಯಮವನ್ನು ಮುರಿಯುವ ಉತ್ಸಾಹವೆಂದು ಇಪ್ಪತ್ತರಲ್ಲಿ ತಿಳಿದಿದ್ದನು. ಪಕ್ಕದವನನ್ನು ಕೇಳುವ ಶಿಸ್ತೆಂದು ಮೂವತ್ತರಲ್ಲಿ ತಿಳಿದಿದ್ದನು. ಈಗ ಇನ್ನೊಂದು ಅರ್ಥ ಹೊಳೆಯಿತು. ಈ ಗಳಿಗೆಯಲ್ಲಿ ಕೈಗೆ ಏನು ಉಳಿದಿದೆಯೋ ಅದರಿಂದಲೇ ಮುಂದಿನ ಸ್ವರವನ್ನು ಮಾಡಬೇಕು. ವಾದಕನಿಗಿರುವ ಈ ಧರ್ಮ ಕೇಳುವವನಿಗೂ ಇಲ್ಲವೆ?

ಮರುವಾರ ಅವನು ಮಡದಿಯನ್ನು ಕರೆದುಕೊಂಡು ಡಾಲ್‌ಸ್ಟನ್ ಪ್ರದೇಶದ ಕೆಫೆ ಓಟೊ ಎಂಬ ಕಚೇರಿಮನೆಗೆ ಹೊರಟನು. 2008ರಲ್ಲಿ ಆರಂಭವಾದ ಈ ಪುಟ್ಟ ಸ್ಥಳವು ಅವನ ಮಂಡಳಿಯವರಿಗೆಲ್ಲ ಪರಿಚಿತವಾದುದು. ಬಸ್ಸಿನಲ್ಲಿ ಊರ ಹೆಸರುಗಳನ್ನು ಕೂಗುವುದು ಅವನಿಗೆ ಕೇಳಿಸದಾದುದರಿಂದ ಅವಳು ಜೊತೆಗಿರಬೇಕಾಗಿತ್ತು. ಬೇರೆ ಆಸೆಯಿಂದ ಅವಳು ಬಂದವಳಲ್ಲ. ಕೈಚೀಲದಲ್ಲಿ ಹೆಣಿಗೆಯ ಸಾಮಾನನ್ನು ಇಟ್ಟುಕೊಂಡೇ ಬಂದಿದ್ದಳು. ಇಬ್ಬರು ಕಿರಿಯ ವಾದಕರು, ಒಬ್ಬನು ಬಾಸ್ ಹಿಡಿದವನು, ಇನ್ನೊಬ್ಬಳು ಡ್ರಮ್ಮುಗಳ ಹಿಂದೆ ಕುಳಿತವಳು, ಮುಕ್ಕಾಲು ಗಂಟೆಯ ಕಾಲ ನುಡಿಸಿದರು. ಅವನಿಗೆ ಅರ್ಧ ಕೇಳಿಸಿತು. ಉಳಿದರ್ಧವನ್ನು, ಐವತ್ತು ವರ್ಷಗಳ ಹಿಂದೆ ಕಲಿತಂತೆ, ಕಣ್ಣಿನಿಂದ ಕೇಳಿದನು. ಕೊನೆಗೆ ಬಾಸಿನ ತಂತಿ ನಿಂತಿತು. ಸಭೆ ಅಲುಗಲಿಲ್ಲ. ಅವಳ ಕೈಯ ಕಮಾನು ಬಿಲ್ಲೆಯೊಂದರ ಅಂಚಿನ ಮೇಲೆ ನಿಂತೇಹೋದಂತೆ ಅವನಿಗೆ ಕಂಡಿತು. ಮುಗಿಯಿತೆಂದು ತಿಳಿದು ಚಪ್ಪಾಳೆಗಾಗಿ ಕೈಗಳನ್ನೆತ್ತಿದನು.

ಮಡದಿಯು ಅವನ ಮಣಿಕಟ್ಟನ್ನು ಹಿಡಿದಳು. ಹೆಣಿಗೆ ಅವಳ ಮಡಿಲಲ್ಲಿ ಹಾಗೆಯೇ ಬಿದ್ದಿತ್ತು. ಕಿವಿಯ ಹತ್ತಿರಕ್ಕೆ ಬಾಗಿ, "ತಾಳಿ, ಇನ್ನೂ ಮುಗಿದಿಲ್ಲ," ಎಂದಳು.

ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ಅವಳ ಮುಖದ ಮೇಲೆ ಅದು ಇನ್ನೂ ನಡೆಯುತ್ತಿತ್ತು. ಅವನು ಅದು ಮುಗಿಯುವವರೆಗೆ ನೋಡುತ್ತ ಕುಳಿತನು.